ನೂರು ಯೋಜನವೂ ಒಂದೂವರೆ ಗಂಟೆಯೂ

ಆಂಜನೇಯನು ನೂರು ಯೋಜನಗಳ ಕಡಲನ್ನು ಹಾರಿ ಲಂಕೆಯನ್ನು ಮುಟ್ಟಿದನೆಂದು ರಾಮಾಯಣ ಹೇಳುತ್ತದೆ. ಅಲ್ಲಿ ದೂರದ್ದೇ ಹೆಚ್ಚುಗಾರಿಕೆ. ಈಗಿನವರು ದೂರವನ್ನು ಕೇಳುವುದಿಲ್ಲ; ಎಷ್ಟು ಗಂಟೆಯ ಹಾದಿ ಎಂದು ಕೇಳುತ್ತಾರೆ.

ಗೆಜ್ಜಲಗೆರೆಯ ಗೃಹಸ್ಥರೊಬ್ಬರು ಕೊಲಂಬೊದಲ್ಲಿ ಉದ್ಯೋಗದಲ್ಲಿರುವ ಮಗಳನ್ನು ಕಾಣಲು ಹೊರಟರೆನ್ನಿ. “ಒಂದೂವರೆ ಗಂಟೆ, ಅಷ್ಟೇ ಅಪ್ಪಾಜಿ” ಎಂದು ಮಗಳು ಹೇಳಿದ್ದಾಳೆ. ಅವಳ ಮಾತು ಸುಳ್ಳಲ್ಲ. ಆದರೆ ಅದೊಂದನ್ನೇ ನಂಬಿ ಹೊರಟವರಿಗೆ ವಿಮಾನ ತಪ್ಪುತ್ತದೆ.

ಲೆಕ್ಕ ಸುಲಭವಾದುದು. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೂ ಕೊಲಂಬೊದ ಕಟುನಾಯಕ ನಿಲ್ದಾಣಕ್ಕೂ ಅಕ್ಷಾಂಶದಲ್ಲಿ 6 ಡಿಗ್ರಿಗಳ ಅಂತರ. ಡಿಗ್ರಿಗೆ 111 ಕಿಲೋಮೀಟರಿನಂತೆ 666 ಆಯಿತು. ಕೊಲಂಬೊ ತುಸು ಪೂರ್ವಕ್ಕೂ ಇರುವುದರಿಂದ ಓರೆಯಾಗಿ ಅಳೆದರೆ ಸುಮಾರು 710. ಗಂಟೆಗೆ 800 ಕಿಲೋಮೀಟರು ಹಾರುವ ವಿಮಾನಕ್ಕೆ ಇದು ಒಂದು ಗಂಟೆಯೂ ಹಿಡಿಯಬಾರದು! ಆದರೆ ವೇಳಾಪಟ್ಟಿಯ ಹೊತ್ತಿನಲ್ಲಿ ನೆಲದ ಮೇಲೆ ಉರುಳುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಸೇರಿವೆ. ಹತ್ತಿರದ ಊರಿಗೆ ಹೊರಟ ವಿಮಾನವು ಪೂರ್ಣ ವೇಗದಲ್ಲಿ ಇರುವುದೇ ಕೊಂಚ ಹೊತ್ತು. ದಿಲ್ಲಿಯು ಕೊಲಂಬೊಗಿಂತ ಎರಡೂಕಾಲು ಪಾಲಿಗೂ ಮಿಕ್ಕ ದೂರ. ಅಲ್ಲಿಗೆ ಹಿಡಿಯುವ ಹೊತ್ತಾದರೋ ಇಮ್ಮಡಿಯೂ ಇಲ್ಲ.

ನಿಜವಾದ ಪ್ರಯಾಣವಿರುವುದು ನೆಲದ ಮೇಲೆ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿಯವರು ರಾಷ್ಟ್ರಕ್ಕೆ ಅರ್ಪಿಸಿದ್ದು ಇದೇ ಗೆಜ್ಜಲಗೆರೆಯಲ್ಲಿ. ಮೂರು ಗಂಟೆಯ ಹಾದಿ 75 ನಿಮಿಷಕ್ಕೆ ಇಳಿಯುವುದೆಂದು ಅಂದು ಸಾರಲಾಯಿತು. ಆದರೆ ಆ ನಿಮಿಷಗಳ ಲೆಕ್ಕ ಕೆಂಗೇರಿಯ ಬಳಿ ಮುಗಿಯುತ್ತದೆ. ಅಲ್ಲಿಂದ ಇಡೀ ನಗರವನ್ನು ಸೀಳಿಕೊಂಡು ಉತ್ತರಕ್ಕೆ ಹೋಗಬೇಕು. 2008ರ ಮೇ ತಿಂಗಳಲ್ಲಿ ನಿಲ್ದಾಣವು ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋದಾಗ ಮಂಡ್ಯದ ಕಡೆಯವರಿಗೆ ಲಂಕೆ ಅಷ್ಟು ದೂರವಾಯಿತೆನ್ನಬೇಕು. ನಗರಕ್ಕೇ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಬಾಗಿಲಲ್ಲಿರಬೇಕು. ಕಟುನಾಯಕದಲ್ಲಿ ಇಳಿದ ಮೇಲೆಯೂ ಕೊಲಂಬೊ ಪೇಟೆ ಮೂವತ್ತು ಕಿಲೋಮೀಟರಿಗೂ ಆಚೆ. ಒಂದೂವರೆ ಗಂಟೆಯ ಪಯಣ ಹೀಗೆ ಒಂಬತ್ತು ಹತ್ತಾಗುತ್ತದೆ.

ಹಿಂದಿನವರಿಗೆ ಈ ಭ್ರಮೆ ಇರಲಿಲ್ಲ. 1914ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ಮದರಾಸಿನಿಂದ ಧನುಷ್ಕೋಟಿಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೊಗೆ ರೈಲು. ‘ಬೋಟ್ ಮೇಲ್’ ಎಂದೇ ಆ ಗಾಡಿಗೆ ಹೆಸರು. 1964ರ ಡಿಸೆಂಬರಿನ ಚಂಡಮಾರುತವು ಧನುಷ್ಕೋಟಿಯನ್ನೇ ಅಳಿಸಿತು.

ಗಡಿಯಾರದ ಗೊಂದಲವಂತೂ ಇಲ್ಲ. 2006ರಿಂದ ಲಂಕೆಯ ಹೊತ್ತೂ ನಮ್ಮ ಹೊತ್ತೂ ಒಂದೇ. ನಗರವು ಕಣ್ಣು ಬಿಡುವ ಮುನ್ನ ದಾಟಿದರೆ ಎರಡು ಗಂಟೆಯ ದಾರಿ ಒಂದಾದೀತು. ಬೆಳಗಿನ ಹತ್ತರ ವಿಮಾನಕ್ಕೆ ಗೆಜ್ಜಲಗೆರೆಯನ್ನು ನಾಲ್ಕಕ್ಕೆ ಬಿಡುವುದು ಕ್ಷೇಮ. ಮಗಳಿಗೆ ಮದ್ದೂರು ವಡೆಯನ್ನು ಒಯ್ಯುವುದಿದ್ದರೆ ಹಿಂದಿನ ಸಂಜೆಯೇ ಕೊಂಡಿಡಬೇಕು.