ಮೊಲದ ಮರಿಗೆ ಮೊದಲ ಸೊಪ್ಪು

“ಅಜ್ಜಾ, ನಮ್ಮ ಮನೆಗೆ ಎರಡು ಮೊಲದ ಮರಿ ಬಂದಿವೆ. ಎರಡು ತಿಂಗಳಾಗಿದೆಯಂತೆ. ಕ್ಯಾರೆಟ್ ಕೊಡಬಹುದಾ?” ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕಾಗದ ಬರೆದು ಕೇಳಿದ್ದಾಳೆ. ಈಗಲೇ ಬೇಡ ಮಗು, ಇನ್ನೊಂದು ತಿಂಗಳು ತಾಳು. ಯಾಕೆ ಅಂತ ಎಲ್ಲರಿಗೂ ಹೇಳುತ್ತೇನೆ.

ನಾನು ಪಶುವೈದ್ಯನಾಗಿದ್ದಾಗ ಕಾಯಿಲೆ ಬಿದ್ದು ಬರುತ್ತಿದ್ದ ಮೊಲದ ಮರಿಗಳ ಕಥೆ ಹೆಚ್ಚುಕಡಿಮೆ ಒಂದೇ. ಮನೆಗೆ ತಂದ ದಿನವೇ ಒಬ್ಬರು ಕ್ಯಾರೆಟ್, ಒಬ್ಬರು ಎಲೆಕೋಸು, ಇನ್ನೊಬ್ಬರು ಬಾಳೆಹಣ್ಣು ತಿನ್ನಿಸಿರುತ್ತಾರೆ. ಆಮೇಲೆ ಭೇದಿ ಶುರು. ಚಿಕ್ಕ ಮರಿ ಅದನ್ನು ತಡೆದುಕೊಳ್ಳುವುದಿಲ್ಲ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು.

ಮೊಲದ ಕರುಳಿನಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ದೋಸೆ ಹಿಟ್ಟು ಹುಳಿ ಬರುವ ಹಾಗೆ, ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುಳಿಸುತ್ತವೆ. ಮರಿಯ ಹೊಟ್ಟೆಯಲ್ಲಿ ಅವು ನೆಲೆಯೂರಲು ಸಮಯ ಬೇಕು. ಒಮ್ಮೆಲೇ ಸಿಹಿ ಪದಾರ್ಥ ಬಿದ್ದರೆ ಕೆಟ್ಟ ಜೀವಿಗಳು ಹೆಚ್ಚಿ ಹೊಟ್ಟೆ ಉಬ್ಬುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ.

ಅಜ್ಜಿಯಂದಿರಿಗೆ ಇದು ಹೊಸದಲ್ಲ. ಅನ್ನಪ್ರಾಶನವಾದ ಮಾರನೇ ದಿನ ಕೂಸಿಗೆ ಬಿಸಿಬೇಳೆಬಾತ್ ಬಡಿಸುತ್ತೀರಾ? ಒಂದು ಚಮಚ ರಾಗಿ ಸರಿ ಕೊಟ್ಟು, ಒಗ್ಗಿತೋ ಇಲ್ಲವೋ ನೋಡುತ್ತೀರಿ. ಮೊಲದ ಮರಿಗೂ ಅದೇ ಲೆಕ್ಕ.

ತಾಯಿ ಹಾಲು ಬಿಟ್ಟ ಮರಿಗೆ 12 ವಾರ ತುಂಬುವವರೆಗೆ ಒಣಹುಲ್ಲು, ಮೊದಲಿನಿಂದ ತಿನ್ನುತ್ತಿದ್ದ ಪೆಲೆಟ್, ಶುದ್ಧ ನೀರು ಸಾಕು. ಆಮೇಲೆ ಕೊತ್ತಂಬರಿ ಸೊಪ್ಪಿನಿಂದ ಶುರು ಮಾಡಿ. ಚೆನ್ನಾಗಿ ತೊಳೆದು, ನೀರು ಕೊಡವಿ, ಒಂದೆರಡು ಎಸಳು ಮಾತ್ರ. ಮೂರು ನಾಲ್ಕು ದಿನ ಅದೊಂದೇ. ಸರಿಹೋದರೆ ಪುದೀನ, ಆಮೇಲೆ ಮೂಲಂಗಿ ಸೊಪ್ಪು. ಎರಡು ಹೊಸ ಸೊಪ್ಪು ಒಟ್ಟಿಗೆ ಕೊಟ್ಟರೆ, ಹೊಟ್ಟೆ ಕೆಟ್ಟಾಗ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಒಗ್ಗಿತೋ ಇಲ್ಲವೋ ಅಂತ ಹೇಳುವುದು ಹಿಕ್ಕೆ. ಗುಂಡಗೆ, ಒಣಗಿದ ಹಾಗೆ ಇದ್ದರೆ ಎಲ್ಲ ಸರಿಯಾಗಿದೆ. ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆಯೂ ಇರುತ್ತದೆ. ಅದನ್ನು ಮೊಲ ತಾನೇ ತಿನ್ನುತ್ತದೆ. ಛೀ ಅನ್ನಬೇಡಿ, ಅದರಿಂದಲೂ ಅದಕ್ಕೆ ವಿಟಮಿನ್ ಸಿಗುತ್ತದೆ. ನೀರಾಗಿ ಹೋದರೆ ಮಾತ್ರ ಸೊಪ್ಪು ನಿಲ್ಲಿಸಿ, ಕೂಡಲೇ ವೈದ್ಯರಿಗೆ ತೋರಿಸಿ.

ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚು. ಮೊಲ ದೊಡ್ಡದಾದ ಮೇಲೆ ಅಪರೂಪಕ್ಕೆ ಒಂದು ತೆಳು ಬಿಲ್ಲೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಆಲೂಗಡ್ಡೆ ಮತ್ತು ಟೊಮೆಟೊ ಗಿಡದ ಎಲೆ ಯಾವತ್ತೂ ಕೊಡಬೇಡಿ. ಸೊಪ್ಪು ಎಷ್ಟು ಇಷ್ಟವಾದರೂ ಮೊಲದ ನಿಜವಾದ ಊಟ ಒಣಹುಲ್ಲೇ. ಅದರ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅಗಿದರೆ ತಾನೇ ಸವೆಯುವುದು?

ಮಕ್ಕಳೇ, ಒಂದು ನೋಟ್‌ಬುಕ್ ಇಡಿ. ತಾರೀಖು, ಕೊಟ್ಟ ಸೊಪ್ಪು, ಮರುದಿನದ ಹಿಕ್ಕೆ, ಇಷ್ಟು ಬರೆದು ಅಜ್ಜ ಅಥವಾ ಅಜ್ಜಿಯ ಸಹಿ ಹಾಕಿಸಿ. ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ನೋಟ್‌ಬುಕ್ ಸಮೇತ ಪಶುವೈದ್ಯರ ಹತ್ತಿರ ಹೊರಡಿ.