ಕಿವಿಗೇಕೆ ಈ ಶಿಕ್ಷೆ?

ನನ್ನ ತಮ್ಮ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಗಿಟಾರಿಗೆ, ಆಂಪ್ಲಿಫೈಯರಿಗೆ ಸಾಲ ಮಾಡಿ ಸಾವಿರಾರು ರೂಪಾಯಿ ಸುರಿದಿದ್ದಾನೆ. ಗಿಟಾರಿಗೆ ಮೆತ್ತನೆಯ ಚೀಲವೂ ಉಂಟು. ಕಿವಿಗೆ? ಒಂದು ಚೂರು ಹತ್ತಿ! ಅದು ತಡೆಯುವ ಸದ್ದು ಅಷ್ಟಕ್ಕಷ್ಟೇ.

ಈಗ ಅಮ್ಮ ಅಡುಗೆಮನೆಯಿಂದ ಕೂಗಿದರೆ ಅವನಿಗೆ ಕೇಳಿಸದು. “ಕಾರ್ಯಕ್ರಮ ಮುಗಿದ ರಾತ್ರಿ ಕಿವಿಯೊಳಗೆ ಜೀರುಂಡೆ ಕೂಗುತ್ತೆ ಅಕ್ಕಾ, ಬೆಳಿಗ್ಗೆ ಸರಿಹೋಗುತ್ತೆ” ಎನ್ನುತ್ತಾನೆ. ಮೋಸಹೋಗುವುದೇ ಇಲ್ಲಿ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆಯ ಮಿತಿ. 100 ಡೆಸಿಬಲ್ಲಿಗೆ ಬರೀ 15 ನಿಮಿಷ. ನಮ್ಮ ಗಣೇಶನ ಪೆಂಡಾಲಿನ ಕಾರ್ಯಕ್ರಮವೋ 3 ಗಂಟೆ!

ಸಂಗೀತಗಾರರಿಗೆಂದೇ ಇಯರ್‌ಪ್ಲಗ್‌ಗಳಿವೆ. ನಾದ ಕೆಡದಂತೆ ಸದ್ದನ್ನು ತಗ್ಗಿಸುತ್ತವೆ. ಹಾಕಿಕೊಂಡರೆ ಸಂಘಟಕರು ನಗುತ್ತಾರಂತೆ. ನಗಲಿ! ಕಿವಿ ಹೋದ ಮೇಲೆ ಅವರೇನು ಬಂದು ಅನ್ನ ಹಾಕುತ್ತಾರೆಯೇ? ಅವರನ್ನಷ್ಟೇ ದೂರಿ ಫಲವೇನು? ಎದೆ ನಡುಗುವಷ್ಟು ಸದ್ದಿದ್ದರೇ ಸಂಗೀತವೆಂದು, ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುವವರು ನಾವೇ ಅಲ್ಲವೇ?

ಮಗನಿಗೆ ಗಿಟಾರ್ ಕೊಡಿಸುವ ತಾಯಂದಿರೇ, ಜೊತೆಗೇ ಆ ಪುಟ್ಟ ಬಿರಡೆಗಳನ್ನೂ ಕೊಡಿಸಿ. ಗಿಟಾರ್ ಒಡೆದರೆ ಇನ್ನೊಂದು ಕೊಳ್ಳಬಹುದು.