ಟಪ್ಪಾಲಿನ ನಡುವೆ: ಹಿರಿಯರಿಗೊಂದು ಹಬ್ಬ

ಮೊನ್ನೆ ನಮ್ಮ ಸಂಘದ ಸಭೆಯಲ್ಲಿ ರಾಜ್ಯೋತ್ಸವದ ಖರ್ಚಿನ ಮಾತು ಬಂದಿತು. ಅರ್ಧಕ್ಕಿಂತ ಹೆಚ್ಚು ಹಣ ಊಟದ ಬಾಬಿಗೇ ಹೋಗುತ್ತದೆ, ಇದು ಕನ್ನಡದ ಹಬ್ಬವೋ ಬಿಸಿಬೇಳೆ ಭಾತಿನ ಹಬ್ಬವೋ ಎಂದು ಹಿರಿಯರೊಬ್ಬರು ಕೇಳಿಯೇಬಿಟ್ಟರು. ಯಾರೂ ಉತ್ತರ ಕೊಡಲಿಲ್ಲ. ಲೆಕ್ಕ ಬರೆಯುವವರು ನಾವಾದ್ದರಿಂದ ತಲೆ ತಗ್ಗಿಸಿ ಬರೆದುಕೊಂಡೆವು. ಪ್ರಶ್ನೆ ಮಾತ್ರ ಮನೆಯವರೆಗೂ ಜೊತೆಗೆ ಬಂದಿತು. ವಾಚಕರನ್ನು ಈ ಸಲ ಅಮೆರಿಕೆಯ ಸಣ್ಣ ಊರೊಂದಕ್ಕೆ ಕರೆದೊಯ್ಯಲು ಅದೇ ಕಾರಣ. ಪ್ರಯಾಣದ ಖರ್ಚಿಲ್ಲ, ಗಾಬರಿ ಬೇಡ.

ಊರಿನ ಹೆಸರು ಲಿಂಡ್ಸ್‌ಬೋರ್ಗ್. ಕ್ಯಾನ್ಸಾಸ್ ಸಂಸ್ಥಾನದ ನಡುವಿನ ಬಯಲಿನಲ್ಲಿ, ಸ್ಮೋಕಿ ಹಿಲ್ ಹೊಳೆಯ ಬಳಿ ಇದೆ. 2020ರ ಜನಗಣತಿಯಂತೆ ನಾಲ್ಕು ಸಾವಿರಕ್ಕೆ ಕಡಿಮೆ ಜನ. ನಮ್ಮ ಕಡೆಯ ಲೆಕ್ಕಕ್ಕೆ ದೊಡ್ಡದೊಂದು ಹಳ್ಳಿ. ಸ್ವೀಡನ್ ದೇಶದ ವರ್ಮ್‌ಲಾಂಡ್ ಪ್ರಾಂತದಿಂದ ಓಲಾಫ್ ಓಲ್ಸನ್ ಎಂಬ ಪಾದ್ರಿಯ ಜೊತೆ ಬಂದವರು ಇಲ್ಲಿ ನೆಲೆ ಊರಿದ್ದು 1869ರಲ್ಲಿ. ಅದಕ್ಕೆ ಹಿಂದಿನ ಎರಡು ವರ್ಷ ಸ್ವೀಡನ್ನಿನಲ್ಲಿ ಬೆಳೆ ಕೆಟ್ಟು ಜನ ಹೊಟ್ಟೆಗಿಲ್ಲದೆ ಕಂಗೆಟ್ಟಿದ್ದರು. ಇತ್ತ ಅಮೆರಿಕೆಯಲ್ಲಿ ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆ ಭೂಮಿ ಎಂಬ 1862ರ ಕಾಯಿದೆ ಇತ್ತು. ಊರಿನ ಏರ್ಪಾಡು ನೋಡಿಕೊಂಡವರಲ್ಲಿ ಹಲವರ ಹೆಸರು ‘ಲಿಂಡ್’ ಎಂದೇ ಆರಂಭವಾಗುತ್ತಿತ್ತಂತೆ. ಅದಕ್ಕೆ ಕೋಟೆ ಎಂಬ ಅರ್ಥದ ‘ಬೋರ್ಗ್’ ಸೇರಿಸಿ ಊರಿಗೆ ಹೆಸರಿಟ್ಟರು. ಕೋಟೆಯೇನೋ ಹೆಸರಿನಲ್ಲಿತ್ತು; ವಾಸ ಮಾತ್ರ ನೆಲ ಅಗೆದು ಮಾಡಿದ ಗುಂಡಿಮನೆಗಳಲ್ಲಿ.

ಬಯಲು ಖಾಲಿ ಬಿದ್ದಿತ್ತೆಂದು ತಿಳಿಯಬಾರದು. ಸಂಸ್ಥಾನಕ್ಕೆ ತಮ್ಮ ಹೆಸರನ್ನೇ ಕೊಟ್ಟ ಕಾನ್ಸಾ ಜನರನ್ನು 1873ರಲ್ಲಿ ಈಗಿನ ಒಕ್ಲಹೋಮಾಕ್ಕೆ ಸಾಗಹಾಕಿದರು. ಒಬ್ಬರು ಬಂದ ಕಥೆಯ ಪಕ್ಕದಲ್ಲೇ ಇನ್ನೊಬ್ಬರು ಹೋದ ಕಥೆಯೂ ಇರುತ್ತದೆ. ಹಬ್ಬದ ಮೆರವಣಿಗೆಗಳಲ್ಲಿ ಅದಕ್ಕೆ ಜಾಗ ಸಿಗುವುದು ಕಡಿಮೆ.

ಬಂದವರ ಛಲವನ್ನು ಮಾತ್ರ ಮೆಚ್ಚಬೇಕು. ಹನ್ನೆರಡೇ ವರ್ಷದಲ್ಲಿ, ಅಂದರೆ 1881ರಲ್ಲಿ, ಕಾರ್ಲ್ ಸ್ವೆನ್ಸನ್ ಎಂಬ ತರುಣ ಪಾದ್ರಿ ಅಲ್ಲಿ ಕಾಲೇಜು ತೆರೆದರು. ಮರುವರ್ಷ ಊರಿನವರೇ ಸೇರಿ ಹ್ಯಾಂಡೆಲನ ‘ಮೆಸಾಯ’ ಹಾಡಿದರು. ಈಸ್ಟರ್ ಸಮಯದ ಆ ಗಾಯನ ಇಂದಿಗೂ ನಡೆದುಬಂದಿದೆ.

ಇನ್ನು ಹಬ್ಬ. ಹೆಸರು ‘ಸ್ವೆನ್ಸ್ಕ್ ಹಿಲ್ನಿಂಗ್ಸ್‌ಫೆಸ್ಟ್’. ನಾಲಿಗೆ ತೊಡರಿದರೆ ಚಿಂತಿಲ್ಲ, ಸ್ವೀಡಿಷರು ಹಿರಿಯರಿಗೆ ಸಲ್ಲಿಸುವ ಗೌರವದ ಹಬ್ಬವೆಂದು ಅರ್ಥ ಹಿಡಿದರೆ ಸಾಕು. ಆರಂಭವಾದದ್ದು 1941ರಲ್ಲಿ. ಸೂಚಿಸಿದವರು ಊರಿನ ವೈದ್ಯ ಡಾ. ಹೋಲ್ವೆರ್ಡಾ, ಹೆಸರು ನೋಡಿದರೆ ಸ್ವೀಡಿಷರದಲ್ಲ, ಡಚ್ಚರದು! ಈಗ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳ ಅಕ್ಟೋಬರಿನಲ್ಲಿ ನಡೆಯುತ್ತದೆ. ಮೆರವಣಿಗೆ ಉಂಟು, ಹೈಸ್ಕೂಲಿನ ಮಕ್ಕಳ ಜಾನಪದ ಕುಣಿತ ಉಂಟು, ಸಾಲಾಗಿ ಬಗೆಬಗೆಯ ಪದಾರ್ಥ ಇಟ್ಟು ಬೇಕಾದ್ದನ್ನು ಬಡಿಸಿಕೊಳ್ಳುವ ಊಟವಂತೂ ಇದ್ದೇ ಇದೆ. ಆ ಊರಿಗೆ ಪ್ರಿಯವಾದ ‘ಊಸ್ತ್‌ಕಾಕ’ ಎಂಬ ಸಿಹಿಯೊಂದಿದೆ. ಹಾಲನ್ನು ಗಟ್ಟಿಯಾಗಿಸಿ, ಮೊಟ್ಟೆ, ಕೆನೆ, ಸಕ್ಕರೆ ಸೇರಿಸಿ ಒಲೆಯೊಳಗಿಟ್ಟು ಬೇಯಿಸಿ, ಮೇಲೆ ಹುಳಿ ಹಣ್ಣಿನ ರಸ ಹಾಕಿ ತಿನ್ನುತ್ತಾರೆ. ಮನೆಯಲ್ಲಿ ಇದನ್ನು ಓದಿ ಹೇಳಿದಾಗ, “ಮೊಟ್ಟೆ ಬಿಟ್ಟರೆ ನಮ್ಮ ಗಿಣ್ಣೇ ಅಲ್ಲವೇನ್ರೀ!” ಎಂದರು ನಮ್ಮಾಕೆ.

ಊರಿನ ಬೀದಿಬೀದಿಯಲ್ಲೂ ಬಣ್ಣ ಬಳಿದ ಕುದುರೆಯ ಬೊಂಬೆಗಳಿವೆ. ದಾಲಾ ಕುದುರೆ ಎಂದು ಹೆಸರು. ತಮಾಷೆಯೆಂದರೆ ಈ ಕುದುರೆ ವರ್ಮ್‌ಲಾಂಡಿನದಲ್ಲ, ದಾಲಾರ್ನಾ ಎಂಬ ಬೇರೆ ಪ್ರಾಂತದ್ದು. 1939ರ ನ್ಯೂಯಾರ್ಕ್ ವಸ್ತುಪ್ರದರ್ಶನದ ತರುವಾಯ ಅದು ಇಡೀ ಸ್ವೀಡನ್ನಿನ ಗುರುತಾಯಿತು. ಇದನ್ನು ಓದಿ ನಕ್ಕೆವು. ಆಮೇಲೆ ನಮ್ಮದೇ ಕಳೆದ ರಾಜ್ಯೋತ್ಸವದ ಭಾವಚಿತ್ರ ತೆಗೆದು ನೋಡಿದೆವು: ಹುಬ್ಬಳ್ಳಿಯವರು, ಕುಂದಾಪುರದವರು, ಬೀದರಿನವರು ಎಲ್ಲರ ತಲೆಯ ಮೇಲೂ ಮೈಸೂರು ಪೇಟ! ನಗು ಅಲ್ಲಿಗೇ ನಿಂತಿತು. ಊರು ಬಿಟ್ಟು ದೂರ ಬಂದವರಿಗೆ ಪ್ರಾಂತಗಳ ಗೆರೆ ಅಳಿಸಿಹೋಗುತ್ತದೆಯೆಂದು ಕಾಣುತ್ತದೆ. ಅದೇನೂ ಕೆಟ್ಟದ್ದಲ್ಲ.

ಮನಸ್ಸಿಗೆ ಚುಚ್ಚಿದ್ದು ಬೇರೆ. ಲಿಂಡ್ಸ್‌ಬೋರ್ಗಿನಲ್ಲಿ ಕುದುರೆ ಉಳಿದಿದೆ, ಕುಣಿತ ಉಳಿದಿದೆ, ಸಿಹಿ ಉಳಿದಿದೆ; 1976ರಲ್ಲಿ ಸ್ವೀಡನ್ನಿನ ದೊರೆಯೇ ಬಂದು ಹೋದರು. ಆದರೆ ಬೀದಿಯಲ್ಲಿ ಕೇಳಿಬರುವ ಮಾತು ಇಂಗ್ಲಿಷು. ಇದಕ್ಕಾಗಿ ಅವರನ್ನು ದೂರಲು ನಮಗೆ ಬಾಯಿಲ್ಲ. ಏಕೆಂದರೆ ನಮ್ಮ ಮನೆಯ ಸಂಗತಿ ಹೀಗಿದೆ. ಈ ಸಲದ ಸಮೂಹಗಾನಕ್ಕೆ ನಮ್ಮ ಮಗಳೂ ಸೇರಿದ್ದಾಳೆ. ಹಾಡನ್ನು ಅವಳಿಗೆ ನಾವೇ ಕೈಯಾರೆ ನಾಗರಿ ಲಿಪಿಯಲ್ಲಿ ಬರೆದುಕೊಟ್ಟೆವು. ಕನ್ನಡ ಅಕ್ಷರ ಅವಳಿಗೆ ಬಾರದು. ನಾಗರಿಯಲ್ಲಿ ನಮ್ಮ ಎಕಾರ ಏಕಾರಗಳಿಗೆ ಬೇರೆ ಬೇರೆ ಗುರುತಿಲ್ಲವಷ್ಟೆ. ‘ಬೆಳಕು’ ಎಂಬಲ್ಲಿ ಹುಡುಗಿ ರಾಗವಾಗಿ ‘ಬೇಳಕು’ ಎಂದು ಹಾಡಿದಳು. “ಅಪ್ಪಾ, ಇದೂ ಬೇಳೆಯ ಹಾಡೇ?” ಎಂದು ಬೇರೆ ಕೇಳಿದಳು. ಬಿ.ಎ.ವರೆಗೆ ಕನ್ನಡ ಓದಿದ ಗುಮಾಸ್ತನ ಮನೆಯಲ್ಲಿ! ಕಚೇರಿಯಲ್ಲಿ ದಿನಕ್ಕೆ ನಲವತ್ತು ಕಡತ ನೋಡುವ ನಮಗೆ ಹತ್ತು ವರ್ಷದಿಂದ ಈ ಒಂದು ಕಡತ ಬಾಕಿ ಬಿದ್ದದ್ದು ಕಾಣಲಿಲ್ಲ.

ಊಟದ ಬಾಬನ್ನು ಕಡಿಮೆ ಮಾಡಬಾರದೆಂದು ಮುಂದಿನ ಸಭೆಗೆ ಟಿಪ್ಪಣಿ ಬರೆದಿಟ್ಟಿದ್ದೇವೆ. ಊಟವಿಲ್ಲದಿದ್ದರೆ ಬರುವ ಮಕ್ಕಳೂ ಬಾರರು. ಅದರ ಕೆಳಗೆ ಇನ್ನೊಂದು ಬಾಬು: ಕಾಗುಣಿತದ ಪುಸ್ತಕ ಇಪ್ಪತ್ತು ಪ್ರತಿ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಂಘದ ಕೋಣೆಯ ಬೀಗದಕೈ. ಪ್ರಶ್ನೆ ಕೇಳಿದ ಹಿರಿಯರು ಪಾಠ ಹೇಳಲು ಒಪ್ಪಿದ್ದಾರೆ. ಪಾಠವಾದ ಮೇಲೆ ಉಪ್ಪಿಟ್ಟು ಬೇಕೆಂಬುದು ಅವರದೇ ಷರತ್ತು. ಮಗಳು ಮನೆಯಲ್ಲಿ ಆಗಲೇ ಶುರುಮಾಡಿ ‘ಕೌ’ವರೆಗೆ ಬಂದಿದ್ದಾಳೆ.